ಕಾರು ಹೊಳೆಯಲಿ, ಕೈ ಸುಡದಿರಲಿ

ಹಬ್ಬಕ್ಕೆ ಎರಡು ದಿನ ಇರುವಾಗ, ಮದುವೆಗೆ ಹೊರಡುವ ಮುಂಚೆ, ಗಲ್ಫ್‌ನಿಂದ ಮಗ ರಜೆಯಲ್ಲಿ ಬಂದ ವಾರ ನಮ್ಮ ಮನೆಗಳಲ್ಲಿ ಕಾರು ತೊಳೆಯುವುದೇ ಒಂದು ಸಂಭ್ರಮ. ಹಿಂದೆ ಇದಕ್ಕೆ ಒಂದು ಬಕೆಟ್ ನೀರು, ಒಂದು ಹಿಡಿ ಸೋಪಿನ ಪುಡಿ, ಹಳೆಯ ಬನಿಯನ್ ಸಾಕಿತ್ತು. ಈಗ ಶಾಂಪೂ, ಫೋಮ್, ವೀಲ್ ಕ್ಲೀನರ್, ಡ್ಯಾಶ್‌ಬೋರ್ಡ್ ಪಾಲಿಶ್ ಎಂದು ಸಾಲು ಸಾಲು ಬಾಟಲಿಗಳು. ಅಂಗಡಿಯಲ್ಲಿ ಮನೆಬಳಕೆಯ ಚಿಕ್ಕ ಬಾಟಲಿ ಸಿಗುತ್ತದೆ. ಆನ್‌ಲೈನ್‌ನಲ್ಲಿ ಹುಡುಕಿದರೆ ವಾಶಿಂಗ್ ಸೆಂಟರ್‌ನವರು ಬಳಸುವ 5 ಲೀಟರಿನ ಕ್ಯಾನ್ ಕೂಡ ಸಿಗುತ್ತದೆ. ಲೀಟರಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಕ್ಯಾನೇ ಅಗ್ಗ. "ಡಾಕ್ಟ್ರೇ, ಯಾವುದು ತರಲಿ?" ಎಂದು ಕೇಳುವವರಿದ್ದಾರೆ. ಅವರ ಚಿಂತೆ ಕಾರಿನ ಬಣ್ಣದ್ದು. ನನ್ನ ಚಿಂತೆ ಅದನ್ನು ತೊಳೆಯುವ ಕೈ, ಉಸಿರಾಡುವ ಎದೆ ಮತ್ತು ಅಂಗಳದಲ್ಲಿ ಆಡುವ ಮಗುವಿನದ್ದು.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸಿಕೊಳ್ಳಿ. ಕ್ಯಾನಿನ ಮೇಲಿರುವ 'ಪ್ರೊಫೆಷನಲ್' ಎಂಬ ಪದಕ್ಕೆ 'ಹೆಚ್ಚು ಒಳ್ಳೆಯದು' ಎಂಬ ಅರ್ಥವಿಲ್ಲ. ಸಾಮಾನ್ಯವಾಗಿ ಅದರ ಅರ್ಥ ಗಾಢವಾದದ್ದು, ನೀರು ಬೆರೆಸಿಯೇ ಬಳಸಬೇಕಾದದ್ದು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ದಿನವೂ ಅದೇ ಕೆಲಸ ಮಾಡುವವರಿಗಾಗಿ ತಯಾರಿಸಿದ್ದು ಎಂದು. ಮನೆಬಳಕೆಯ ಬಾಟಲಿಯನ್ನು ಹೆಚ್ಚಾಗಿ ಮೊದಲೇ ತೆಳುಗೊಳಿಸಿರುತ್ತಾರೆ. ಯಾರಾದರೂ ಅಳತೆ ತಪ್ಪಿದರೂ ಅನಾಹುತ ಆಗಬಾರದೆಂಬುದು ಅದರ ಉದ್ದೇಶ. ಔಷಧಿಗೆ ಹೋಲಿಸುವುದಾದರೆ ಒಂದು ಅರ್ಕ, ಇನ್ನೊಂದು ಶರಬತ್ತು. ಅರ್ಕವನ್ನು ಲೋಟದಲ್ಲಿ ಕುಡಿಯುವವರುಂಟೇ?

ಅಳತೆ ತಪ್ಪುವುದು ಇಲ್ಲಿಯೇ. ಡಬ್ಬದ ಮೇಲೆ 1:10 ಎಂದಿದ್ದರೆ ಒಂದು ಪಾಲು ದ್ರಾವಣಕ್ಕೆ ಹತ್ತು ಪಾಲು ನೀರು. ಅಂದರೆ 50 ಮಿಲಿಗೆ 500 ಮಿಲಿ. ನಾವು ಏನು ಮಾಡುತ್ತೇವೆ? ಕಣ್ಣಂದಾಜಿನಲ್ಲಿ ಸುರಿಯುತ್ತೇವೆ, ಕೊಳೆ ಹೋಗದಿದ್ದರೆ ಇನ್ನಷ್ಟು ಸುರಿಯುತ್ತೇವೆ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ ಸ್ವಭಾವದ್ದು, ಅದರ ಪಿಎಚ್ ಸುಮಾರು 5ರ ಆಸುಪಾಸು. ಜಿಡ್ಡು ತೆಗೆಯುವ ಗಾಢ ಕ್ಲೀನರ್‌ಗಳಲ್ಲಿ ಕೆಲವು 12ನ್ನೂ ದಾಟುತ್ತವೆ. ಎಂಜಿನ್ನಿನ ಜಿಡ್ಡನ್ನು ಕರಗಿಸುವ ಕ್ಷಾರಕ್ಕೆ ನಿಮ್ಮ ಕೈಯ ಜಿಡ್ಡು ಯಾವ ಲೆಕ್ಕ? ಅದು ಕಣ್ಣಿಗೆ ಹಾರಿದರೆ ಇನ್ನೂ ಕೆಟ್ಟದ್ದು. ಕಣ್ಣಿನ ವಿಷಯದಲ್ಲಿ ಆಮ್ಲಕ್ಕಿಂತ ಕ್ಷಾರವೇ ಸಾಮಾನ್ಯವಾಗಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಹಾಗಾದರೆ ಕೂಡಲೇ ನಲ್ಲಿಯ ಕೆಳಗೆ ರೆಪ್ಪೆ ತೆರೆದು ಕನಿಷ್ಠ 15-20 ನಿಮಿಷ ನೀರು ಹರಿಸಿ, ನಂತರ ಕಣ್ಣಿನ ವೈದ್ಯರಲ್ಲಿಗೆ ಓಡಿ. ಸುರ್ಮಾ, ಗುಲಾಬಿ ಜಲ, ಎದೆಹಾಲು ಯಾವುದೂ ಬೇಡ.

ಇವೆಲ್ಲದರಲ್ಲಿ ನಾನು ಅತಿ ಹೆಚ್ಚು ಹೆದರುವುದು ಚಕ್ರ ತೊಳೆಯುವ ಆಮ್ಲಕ್ಕೆ. ಅಲಾಯ್ ಚಕ್ರಗಳಿಗೆ ಅಂಟಿದ ಬ್ರೇಕಿನ ಕಪ್ಪು ಪುಡಿಯನ್ನು ಕ್ಷಣದಲ್ಲಿ ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಬೇರೆ ಆಮ್ಲ ತಾಗಿದರೆ ತಕ್ಷಣ ಉರಿಯುತ್ತದೆ, ನಾವು ಕೈ ತೊಳೆಯುತ್ತೇವೆ. ಇದು ಹಾಗಲ್ಲ. ತೆಳುವಾಗಿದ್ದರೆ ನೋವು ಶುರುವಾಗಲು ಹಲವು ಗಂಟೆಗಳು, ಕೆಲವೊಮ್ಮೆ 24 ಗಂಟೆಯೇ ಬೇಕಾಗಬಹುದು. ಅಷ್ಟರಲ್ಲಿ ಅದು ಚರ್ಮ ದಾಟಿ ಮಾಂಸಕ್ಕೆ, ಎಲುಬಿಗೆ ಇಳಿದಿರುತ್ತದೆ. ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2001ರಿಂದ 2013ರವರೆಗಿನ ದಾಖಲೆ ನೋಡಿದಾಗ, ವಾಹನ ತೊಳೆಯುವ ಕೆಲಸದಲ್ಲಿ 48 ಮಂದಿ ಇದೇ ಆಮ್ಲದಿಂದ ಸುಟ್ಟುಕೊಂಡಿದ್ದರು. ಅವರು ಅದೇ ಕೆಲಸದವರು ಎಂಬುದನ್ನು ಗಮನಿಸಿ.

ಇದು ತಾಗಿದೆ ಎಂಬ ಸಂಶಯ ಬಂದರೆ ಬಟ್ಟೆ, ಉಂಗುರ, ಗಡಿಯಾರ ತೆಗೆದು ಧಾರಾಳ ನೀರಿನಲ್ಲಿ ತೊಳೆಯಿರಿ. ಡಬ್ಬದೊಂದಿಗೆ ದೊಡ್ಡ ಆಸ್ಪತ್ರೆಗೆ ಹೋಗಿ, 'ಫ್ಲೋರೈಡ್ ಇರುವ ಆಮ್ಲ' ಎಂದು ಬಾಯಿಬಿಟ್ಟು ಹೇಳಿ. ಅವರು ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚುತ್ತಾರೆ, ಬೇಕಾದರೆ ಚುಚ್ಚುಮದ್ದು ಕೊಡುತ್ತಾರೆ. ಯುನಾನಿ ವೈದ್ಯನಾದ ನಾನೇ ಹೇಳುತ್ತಿದ್ದೇನೆ: ಇದಕ್ಕೆ ನನ್ನ ದವಾಖಾನೆಯಲ್ಲಿ ಮರ್ಹಮ್ ಇಲ್ಲ, ದಾರಿಯಲ್ಲಿ ನನ್ನಲ್ಲಿಗೆ ಬಂದು ಸಮಯ ಕಳೆಯಬೇಡಿ. ಇನ್ನೂ ಒಳ್ಳೆಯದು ಅದನ್ನು ಮನೆಗೆ ತರದಿರುವುದು. ಚಕ್ರಕ್ಕೆ ಶಾಂಪೂ ನೀರು ಮತ್ತು ಬ್ರಶ್ ಸಾಕು. ಕಬ್ಬಿಣದ ಪುಡಿ ತಾಗಿದಾಗ ನೇರಳೆ ಬಣ್ಣಕ್ಕೆ ತಿರುಗುವ, ಆಮ್ಲವಿಲ್ಲದ ಕ್ಲೀನರ್ ಕೂಡ ಸಿಗುತ್ತದೆ. ಅದರ ವಾಸನೆ ಕೆಟ್ಟದು, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಹಾಗಾಗಿ ಬಯಲಿನಲ್ಲಿ, ಗ್ಲೌಸ್ ಹಾಕಿಯೇ ಬಳಸಿ.

ಕ್ಯಾನ್ ತಂದ ಮನೆಯಲ್ಲಿ ನಡೆಯುವ ಇನ್ನೊಂದು ಕೆಲಸ, ನೆರೆಯವರಿಗೂ ತಮ್ಮನಿಗೂ ಸ್ವಲ್ಪ ಸ್ವಲ್ಪ ಹಂಚುವುದು. ಹಂಚುವುದು ನೀರಿನ ಬಾಟಲಿಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ. ಕಾರ್ ಶಾಂಪೂವಿನ ಗುಲಾಬಿ, ಹಳದಿ, ನೀಲಿ ಬಣ್ಣ ನೋಡಿದ್ದೀರಲ್ಲ? ಮೂರು ವರ್ಷದ ಮಗುವಿಗೆ ಅದು ಶರಬತ್ತೇ. ದಯವಿಟ್ಟು ಈ ಒಂದು ಕೆಲಸ ಮಾಡಬೇಡಿ. ಮಗು ಕುಡಿದೇಬಿಟ್ಟರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟದ್ದು ಹತ್ತುವಾಗ ಮತ್ತೆ ಸುಡುತ್ತದೆ. ಬಾಯಿ ಒರೆಸಿ, 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಎಣಿಸುವಾಗ ಮೊದಲು ಬರುವುದೇ ಗಾಳಿ. ಕಾರು ನಾಲ್ಕು ಗಾಜು ಮುಚ್ಚಿದ ಪುಟ್ಟ ಕೋಣೆ. ಸೆಂಟರ್‌ನಲ್ಲಿ ಸೀಟು, ಮ್ಯಾಟ್ ಎಲ್ಲ ಕ್ಲೀನ್ ಮಾಡಿಸಿ ತಂದ ದಿನ ಬಾಗಿಲುಗಳನ್ನು ತೆರೆದು ಕೆಲವು ಗಂಟೆ ನೆರಳಿನಲ್ಲಿ ನಿಲ್ಲಿಸಿ. ಆಸ್ತಮಾ ಇರುವ ಮಗು, ಗರ್ಭಿಣಿ ಮಗಳು ಇದ್ದರೆ ಆ ದಿನ ದೂರದ ಪ್ರಯಾಣ ಬೇಡ. ವಾಸನೆ ಹೋಗಲೆಂದು ಮೇಲೆ ಪರ್ಫ್ಯೂಮ್ ತೂಗುಹಾಕುವುದು, ಅತ್ತರ್ ಚಿಮುಕಿಸುವುದು ಗಾಳಿಯನ್ನು ಶುದ್ಧ ಮಾಡುವುದಿಲ್ಲ, ಭಾರ ಮಾಡುತ್ತದೆ. ಇಲಿ ಬಾರದಿರಲೆಂದು ನಾಫ್ತಲೀನ್ ಗುಳಿಗೆ ಇಡುವವರೂ ಇದ್ದಾರೆ. ಜಿ6ಪಿಡಿ ಕೊರತೆ ಇರುವ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನೇ ಒಡೆಯಬಲ್ಲದು. ಸ್ಟಿಯರಿಂಗ್‌ಗೆ, ಪೆಡಲ್‌ಗಳಿಗೆ ಮಿಂಚುವ ಸಿಲಿಕೋನ್ ಪಾಲಿಶ್ ಹಚ್ಚಬೇಡಿ. ಜಾರುತ್ತದೆ, ಅಷ್ಟೇ.

ಹಾಗಾದರೆ ಕ್ಯಾನ್ ಯಾರಿಗೆ ಬೇಕು? ಮನೆಯಲ್ಲಿ ಎರಡು ಮೂರು ವಾಹನ ಇದ್ದು, ಅಳತೆ ಲೋಟ ಇಟ್ಟುಕೊಳ್ಳುವ ಅಭ್ಯಾಸ ಇರುವವರಿಗೆ ಸೌಮ್ಯ ಶಾಂಪೂವಿನ ಗಾಢ ದ್ರಾವಣ ಲಾಭದ್ದೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದದ್ದು ನೆನಪಿರಬಹುದು. ಮತ್ತೆ ನೀರು ಸುರಿದು ತೊಳೆಯುವ ಅಗತ್ಯವಿಲ್ಲದ ವಾಶ್ ದ್ರಾವಣಗಳಲ್ಲಿ ಕೆಲವು ಸುಮಾರು 8 ಲೀಟರಿಗೆ 30 ಮಿಲಿ ಹಾಕಿದರೆ ಸಾಕಾಗುತ್ತವೆ. ನೀರಿನ ಬರ ಇರುವಲ್ಲಿ ಇದು ಒಳ್ಳೆಯ ಆಯ್ಕೆ. ಜಿಡ್ಡು ತೆಗೆಯುವುದು, ಚಕ್ರದ ಆಮ್ಲ, ಬ್ರೇಕ್ ಕ್ಲೀನರ್ ಇವುಗಳನ್ನು ಮಾತ್ರ ಕೆಲಸ ಬಲ್ಲವರಿಗೇ ಬಿಡಿ. ಏನನ್ನೇ ಕೊಳ್ಳುವ ಮುಂಚೆ ಅದರ ಸೇಫ್ಟಿ ಡೇಟಾ ಶೀಟ್ ಕೇಳಿ. ಮೂರನೇ ವಿಭಾಗದಲ್ಲಿ ಒಳಗೆ ಏನಿದೆ, ನಾಲ್ಕನೆಯದರಲ್ಲಿ ಪ್ರಥಮ ಚಿಕಿತ್ಸೆ ಏನು ಎಂದು ಬರೆದಿರುತ್ತದೆ. ಕೊಡಲು ಒಪ್ಪದವನಿಂದ ಕೊಳ್ಳಬೇಡಿ.

ಕಾರು ತೊಳೆಯುವುದೇ ಹೊಟ್ಟೆಪಾಡಾಗಿರುವ ನಮ್ಮ ಹುಡುಗರು ಊರಲ್ಲೂ ಇದ್ದಾರೆ, ಗಲ್ಫ್‌ನಲ್ಲೂ ಇದ್ದಾರೆ. ಬೆರಳ ಸಂದುಗಳು ಸೀಳಿ, ವುಝೂ ಮಾಡುವಾಗ ದಿನಕ್ಕೆ ಐದು ಸಲ ಉರಿಯುತ್ತದೆ ಎಂದು ಹೇಳುವವರನ್ನು ನಾನು ನೋಡುತ್ತಿರುತ್ತೇನೆ. ಅವರಿಗೆ ಆಸ್ಪತ್ರೆಯ ತೆಳು ಗ್ಲೌಸ್ ಸಾಲದು, ಮಣಿಕಟ್ಟಿನ ಮೇಲೆ ಬರುವ ದಪ್ಪ ನೈಟ್ರೈಲ್ ಗ್ಲೌಸ್ ಬೇಕು. ತೂತು ಬಿದ್ದ ಗ್ಲೌಸ್ ಇಲ್ಲದ್ದಕ್ಕಿಂತಲೂ ಕೆಟ್ಟದು, ದ್ರಾವಣವನ್ನು ಚರ್ಮಕ್ಕೆ ಅಂಟಿಸಿ ಹಿಡಿದಿಡುತ್ತದೆ. ವುಝೂ ಮುಗಿದು ಕೈ ಒರೆಸಿದ ಮೇಲೆ, ರಾತ್ರಿ ಮಲಗುವಾಗ ಜೇನುಮೇಣ ಮತ್ತು ಎಣ್ಣೆಯ ಕೈರೂತಿಯನ್ನೋ, ಸಿಗದಿದ್ದರೆ ಸಾದಾ ವ್ಯಾಸಲಿನ್ ಅನ್ನೋ ಹಚ್ಚಲಿ. ಎರಡು ಮೂರು ವಾರದಲ್ಲಿ ಗುಣವಾಗದಿದ್ದರೆ ಚರ್ಮದ ವೈದ್ಯರನ್ನು ಕಾಣಬೇಕು. ಹಾಗೆಯೇ ಕೈಕಾಲಿನ ತುದಿ ಜೋಮು ಹಿಡಿಯುತ್ತಿದೆ ಎಂದರೆ ಬ್ರೇಕ್ ಕ್ಲೀನರ್ ಸ್ಪ್ರೇ ಬಳಸುತ್ತೀರಾ ಎಂದು ಕೇಳಿ. ಕೆಲವು ಸ್ಪ್ರೇಗಳಲ್ಲಿರುವ ಹೆಕ್ಸೇನ್ ನರಗಳನ್ನು ಕೆಡಿಸುತ್ತದೆ.

ಅಂಗಳದ ಮೂಲೆಯಲ್ಲಿ ಈಗಾಗಲೇ ಅರ್ಧ ಖಾಲಿಯಾದ ಕ್ಯಾನ್ ಇದ್ದರೆ ಅದನ್ನು ಚರಂಡಿಗೆ, ಬಾವಿಯ ಬದಿಗೆ ಚೆಲ್ಲಬೇಡಿ. ಬೇರೊಂದು ಕ್ಲೀನರ್ ಜೊತೆ ಬೆರೆಸಲೂ ಬೇಡಿ. ಆಮ್ಲಕ್ಕೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಮುಚ್ಚಳ ಬಿಗಿಮಾಡಿ, ಲೇಬಲ್ ಕೀಳದೆ, ಅದನ್ನು ಬಳಸುವ ವಾಶಿಂಗ್ ಸೆಂಟರ್‌ನವರಿಗೆ ಕೊಟ್ಟುಬಿಡಿ.