ಮೂಲವ್ಯಾಧಿ: ಕೊಯ್ಯದೆ ವಾಸಿಯಾದೀತೇ?

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಒಬ್ಬರು ಮೇಡ್ಲೇರಿಯ ನನ್ನ ದವಾಖಾನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಒಂದು ಮಗ್ಗುಲಾಗಿ ಕುಳಿತು, ಜೊತೆಗೆ ಬಂದಿದ್ದ ಹೆಂಡತಿ ಹೊರಗೆ ಹೋಗುವವರೆಗೆ ಕಾದು, ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಲೇಸರ್ ಚಿಕಿತ್ಸೆಗೆ ತಗಲುವ ಖರ್ಚಿನ ಅಂದಾಜು ಅದು. “ಎರಡು ಎಮ್ಮಿ ಮಾರಬೇಕಾಗೇತ್ರಿ ಸಾಹೇಬ್ರ. ಮಾರ್ಲೋ ಬ್ಯಾಡೋ ನೀವ ಹೇಳ್ರಿ” ಎಂದರು. ಎಂಟು ತಿಂಗಳಿಂದ ಮಲವಿಸರ್ಜನೆಯ ಹೊತ್ತಿಗೆ ಕೆಂಪು ರಕ್ತ ಹನಿಯುತ್ತಿತ್ತು. ಅಲ್ಲಿಯವರೆಗೆ ಯಾರೂ ಬೆರಳಿನಿಂದಾಗಲಿ, ಪ್ರಾಕ್ಟೊಸ್ಕೋಪ್ ಎಂಬ ಗಿಡ್ಡ ನಳಿಕೆಯಿಂದಾಗಲಿ ಒಳಗೆ ಪರೀಕ್ಷಿಸಿರಲಿಲ್ಲ. ಲೇಸರ್ ಮಾತ್ರ ಗೊತ್ತಾಗಿಹೋಗಿತ್ತು!

ಇಂಥ ಚೀಟಿ ಹಿಡಿದು ಬರುವವರು ಈಗ ಹೆಚ್ಚಾಗಿದ್ದಾರೆ. ಆದ್ದರಿಂದ ಈ ವಾರ ಮೂಲವ್ಯಾಧಿಗೆ ಇರುವ, ದೊಡ್ಡ ಕೊಯ್ತವಿಲ್ಲದ ಚಿಕಿತ್ಸೆಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ನೋಡೋಣ.

ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ಕೂಡಿದ ಮೆತ್ತೆಗಳು ನಮ್ಮೆಲ್ಲರಿಗೂ ಇರುತ್ತವೆ. ವಾಯು ಮತ್ತು ಮಲ ತಾವಾಗಿ ಜಾರದಂತೆ ತಡೆಯಲು ಅವು ನೆರವಾಗುತ್ತವೆ. ಮಲಬದ್ಧತೆ, ತಿಣುಕುವುದು, ಗರ್ಭಧಾರಣೆ, ವಯಸ್ಸು ಇವುಗಳಿಂದ ಈ ಮೆತ್ತೆಗಳು ಉಬ್ಬಿ ಕೆಳಗೆ ಜಾರಿದಾಗ ಅದು ಮೂಲವ್ಯಾಧಿ. ರಕ್ತ ಮಾತ್ರ ಹೋಗುತ್ತಿದ್ದು ಮೊಳಕೆ ಹೊರಗೆ ಬಾರದಿದ್ದರೆ ಮೊದಲನೆಯ ಹಂತ. ಹೊರಬಂದು ತಾನೇ ಒಳಗೆ ಹೋದರೆ ಎರಡನೆಯದು. ಬೆರಳಿನಿಂದ ತಳ್ಳಬೇಕಾದರೆ ಮೂರನೆಯದು. ತಳ್ಳಿದರೂ ಹೋಗದಿದ್ದರೆ ನಾಲ್ಕನೆಯದು. ಚಿಕಿತ್ಸೆಯ ಆಯ್ಕೆಯೆಲ್ಲ ಹೆಚ್ಚಾಗಿ ಈ ಹಂತವನ್ನೇ ಅವಲಂಬಿಸಿದೆ. ಒಳಗೆ ನೋಡದೆ ಹಂತ ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ.

ನೋಡಬೇಕಾದ ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು. ಕೆಲವು ವರ್ಷಗಳ ಹಿಂದೆ ಹಿರಿಯ ರೈತರೊಬ್ಬರು ಎರಡು ವರ್ಷ ಮೂಲವ್ಯಾಧಿಯೆಂದು ಪುಡಿ, ಕಷಾಯ, ಮುಲಾಮುಗಳಲ್ಲಿ ಕಾಲ ಕಳೆದು ನನ್ನಲ್ಲಿಗೆ ಬಂದರು. ಬೆರಳಿಗೆ ಸಿಕ್ಕದ್ದು ಗಟ್ಟಿಯಾದ ಗಂಟು, ಗುದನಾಳದ ಕ್ಯಾನ್ಸರ್. ಆ ಪರೀಕ್ಷೆಗೆ ಹಿಡಿಯುವುದು ಅರ್ಧ ನಿಮಿಷ. ನಾಚಿಕೆಯಿಂದ ಅವರು ಅದನ್ನು ಎರಡು ವರ್ಷ ಮುಂದೂಡಿದ್ದರು. ನಲವತ್ತು ದಾಟಿದವರಲ್ಲಿ ರಕ್ತ ಹೋದರೆ, ತೂಕ ಇಳಿದರೆ, ಮಲವಿಸರ್ಜನೆಯ ರೂಢಿ ಬದಲಾದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ದೊಡ್ಡ ಕರುಳಿನ ಪರೀಕ್ಷೆಯೂ ಬೇಕಾಗುತ್ತದೆ. ಮಲ ಕಪ್ಪಗೆ ಡಾಂಬರಿನಂತಿದ್ದರೆ ಅದು ಮೂಲವ್ಯಾಧಿಯ ರಕ್ತವಲ್ಲ. ಹೆಣ್ಣುಮಕ್ಕಳು ಇನ್ನೂ ತಡವಾಗಿ ಬರುತ್ತಾರೆ. ಏದುಸಿರೆಂದು ಬಂದವರ ರಕ್ತ ಪರೀಕ್ಷಿಸಿದರೆ ಹಿಮೋಗ್ಲೋಬಿನ್ ಆರೋ ಏಳೋ ಇರುತ್ತದೆ. ಆಗ ಕೇಳಿದರೆ ಮಾತ್ರ, “ಹೌದ್ರಿ, ಅದೂ ಐತ್ರಿ” ಎಂದು ತಲೆ ತಗ್ಗಿಸುತ್ತಾರೆ.

ಇನ್ನು ಚಿಕಿತ್ಸೆಗೆ ಬರೋಣ. ನನ್ನ ಹಮಾಲ ರೋಗಿಯದು ಎರಡನೆಯ ಹಂತ. ಅವರನ್ನು ನಾನು ಕಳಿಸಿದ್ದು ರಬ್ಬರ್ ಬ್ಯಾಂಡ್ ಹಾಕುವ ಶಸ್ತ್ರವೈದ್ಯರ ಬಳಿಗೆ. ನಳಿಕೆಯ ಮೂಲಕ ಮೊಳಕೆಯ ಬುಡಕ್ಕೆ ಒಂದು ಪುಟ್ಟ ರಬ್ಬರ್ ಉಂಗುರ ತೊಡಿಸುತ್ತಾರೆ. ರಕ್ತ ಸಂಚಾರ ನಿಂತ ಮೊಳಕೆ ಒಣಗಿ, ವಾರ ಹತ್ತು ದಿನಗಳಲ್ಲಿ ಉದುರಿಹೋಗುತ್ತದೆ. ಗುದನಾಳದ ಮೇಲ್ಭಾಗದ ಒಳಪೊರೆಗೆ ಚರ್ಮಕ್ಕಿರುವಂತಹ ನೋವಿನ ನರಗಳಿಲ್ಲದ ಕಾರಣ ಅರಿವಳಿಕೆ ಬೇಡ. ಒಂದೆರಡು ದಿನ ಭಾರವೆನಿಸುತ್ತದೆ, ಅಷ್ಟೇ. ಉಂಗುರವನ್ನು ಸ್ವಲ್ಪ ಕೆಳಗೆ ಹಾಕಿದರೆ ಮಾತ್ರ ತಡೆಯಲಾರದ ನೋವು. ಆಗ ಕೂಡಲೇ ತೆಗೆಯಬೇಕು. ಅಮೆರಿಕದ ವೈದ್ಯ ಬ್ಯಾರನ್ 1963ರಲ್ಲಿ ಪ್ರಚಾರಕ್ಕೆ ತಂದ ಈ ವಿಧಾನ ಹಳೆಯದಾದರೂ ಒಂದರಿಂದ ಮೂರನೆಯ ಹಂತದವರೆಗೆ ಇಂದಿಗೂ ಮೊದಲ ಆಯ್ಕೆಗಳಲ್ಲೊಂದು. ಅಂದೇ ಮನೆಗೆ ಹೋಗಬಹುದು, ಖರ್ಚೂ ಕಡಿಮೆ. ಕೆಲವರಿಗೆ ನಾಲ್ಕಾರು ವಾರಗಳ ನಂತರ ಇನ್ನೊಮ್ಮೆ ಹಾಕಬೇಕಾಗುತ್ತದೆ.

ಒಂದು ಎಚ್ಚರಿಕೆ. ಮೊಳಕೆ ಉದುರುವ ಏಳರಿಂದ ಹತ್ತನೆಯ ದಿನದ ಹೊತ್ತಿಗೆ ಅಪರೂಪಕ್ಕೆ ಜೋರಾಗಿ ರಕ್ತ ಹೋಗಬಹುದು. ನಮ್ಮ ಕಡೆ ಕುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಊರು ಬಿಡುವವರಿದ್ದಾರೆ. ಅಂಥವರು ಹಿಂಡು ಹೊರಡುವ ಹಿಂದಿನ ದಿನ ಉಂಗುರ ಹಾಕಿಸಿಕೊಳ್ಳಬಾರದು. ಎರಡು ವಾರ ಆಸ್ಪತ್ರೆಗೆ ಹತ್ತಿರದಲ್ಲೇ ಇರಬೇಕು. ಹೃದ್ರೋಗಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಅವನ್ನು ತಾವಾಗಿ ನಿಲ್ಲಿಸಲೂಬಾರದು. ಉಂಗುರ ಹಾಕಿದ ಮೇಲೆ ಜ್ವರ, ಹೆಚ್ಚುತ್ತಿರುವ ನೋವು, ಮೂತ್ರ ಕಟ್ಟುವುದು ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಇಂಜೆಕ್ಷನ್ ವಿಧಾನದಲ್ಲಿ ಮೊಳಕೆಯ ಬುಡಕ್ಕೆ ಬಾದಾಮಿ ಎಣ್ಣೆಯಲ್ಲಿ ಕರಗಿಸಿದ ಫಿನಾಲ್ ಅಥವಾ ಪಾಲಿಡೊಕೆನಾಲ್ ಚುಚ್ಚುತ್ತಾರೆ. ರಕ್ತಸ್ರಾವವೇ ಮುಖ್ಯವಾಗಿರುವ ಚಿಕ್ಕ ಮೊಳಕೆಗಳಿಗೆ ಇದು ಒಳ್ಳೆಯದು. ಪರಿಣಾಮ ಉಂಗುರದಷ್ಟು ಬಾಳಿಕೆಯದಲ್ಲ. ಅತಿಕೆಂಪು ಕಿರಣದ ಶಾಖ ಕೊಡುವ ಪದ್ಧತಿಯೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಸಂತೆಯೂರಿನಲ್ಲಿ ಕೋಣೆ ಹಿಡಿದು, ‘ಒಂದೇ ಇಂಜೆಕ್ಷನ್‌ನಲ್ಲಿ ಗ್ಯಾರಂಟಿ’ ಎಂದು ಬೋರ್ಡು ಹಾಕುವವರು ಚುಚ್ಚುವುದೇನೆಂದು ಅವರಿಗೇ ಗೊತ್ತಿರುವುದಿಲ್ಲ. ಅಲ್ಲಿಗೆ ಹೋಗಿ ಕೀವಾಗಿಸಿಕೊಂಡು, ಗುದದ್ವಾರವೇ ಕಿರಿದಾಗಿ ಬಂದವರನ್ನು ನಾನು ಕಂಡಿದ್ದೇನೆ.

ಲೇಸರ್ ಬಗ್ಗೆ ನಿಮಗೆ ಕುತೂಹಲ ಹೆಚ್ಚು. ತೆಳುವಾದ ಎಳೆಯೊಂದನ್ನು ಮೊಳಕೆಯೊಳಗೆ ತೂರಿಸಿ ಶಾಖದಿಂದ ಅದನ್ನು ಕುಗ್ಗಿಸುತ್ತಾರೆ. ಕೊಯ್ಯುವ ಶಸ್ತ್ರಚಿಕಿತ್ಸೆಗೆ ಹೋಲಿಸಿದರೆ ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳಬಹುದು, ಇದು ನಿಜ. ಆದರೆ ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆಯೋ ಅಂಥದೊಂದೋ ಬೇಕಾಗುತ್ತದೆ. ಮೊಳಕೆ ಮರಳುವ ಸಂಭವ ಕೊಯ್ದು ತೆಗೆದಾಗಿನಕ್ಕಿಂತ ಹೆಚ್ಚು. ‘ಲೇಸರ್ ಮಾಡಿಸಿದರೆ ಮತ್ತೆ ಬರುವುದೇ ಇಲ್ಲ’ ಎನ್ನುವುದು ಜಾಹೀರಾತಿನ ಮಾತು. ಎರಡನೆಯ ಹಂತ, ಮೂರನೆಯ ಹಂತದ ಅಷ್ಟೇನೂ ದೊಡ್ಡದಲ್ಲದ ಮೊಳಕೆ, ಹಣಕ್ಕೆ ತೊಂದರೆಯಿಲ್ಲದ ಮನೆ: ಹೀಗಿದ್ದರೆ ಮಾಡಿಸಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಉಂಗುರದಿಂದ ಆಗುವ ಕೆಲಸಕ್ಕೆ ಸಾಲ ಮಾಡುವುದು ಮಾತ್ರ ಬೇಡ.

ಇನ್ನೊಂದು ವಿಧಾನದಲ್ಲಿ ಡಾಪ್ಲರ್ ಯಂತ್ರದ ಸದ್ದಿನಿಂದ ಮೊಳಕೆಗೆ ರಕ್ತ ಒಯ್ಯುವ ನಾಳಗಳನ್ನು ಪತ್ತೆ ಮಾಡಿ ಹೊಲಿಗೆ ಹಾಕಿ ಕಟ್ಟುತ್ತಾರೆ. ಜಪಾನಿನ ಮೊರಿನಾಗ 1995ರಲ್ಲಿ ಇದನ್ನು ವಿವರಿಸಿದರು. ಬ್ರಿಟನ್ನಿನಲ್ಲಿ 370ಕ್ಕೂ ಹೆಚ್ಚು ರೋಗಿಗಳಲ್ಲಿ ಇದನ್ನೂ ರಬ್ಬರ್ ಉಂಗುರವನ್ನೂ ಹೋಲಿಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ತೊಂದರೆ ಮರಳಿದ್ದು ಉಂಗುರದವರಲ್ಲಿ ನೂರಕ್ಕೆ 49, ಹೊಲಿಗೆಯವರಲ್ಲಿ ನೂರಕ್ಕೆ 30. ಉಂಗುರ ಸೋತಿತು ಎನ್ನಬೇಡಿ. ಎರಡನೆಯ ಸಲ ಉಂಗುರ ಹಾಕಿಸಿಕೊಂಡವರನ್ನೂ ‘ಮರಳಿದವರು’ ಎಂದೇ ಅಲ್ಲಿ ಲೆಕ್ಕ ಹಾಕಿದ್ದರು. ಅದನ್ನು ಚಿಕಿತ್ಸೆಯ ಭಾಗವೆಂದೇ ಹಿಡಿದರೆ ಅಂತರ ಬಹಳ ಕಡಿಮೆಯಾಗುತ್ತದೆ. ಹೊಲಿಗೆಯವರಿಗೆ ಮೊದಲ ದಿನಗಳ ನೋವು ಹೆಚ್ಚಿತ್ತು, ಖರ್ಚೂ ಹೆಚ್ಚಿತ್ತು.

ಸ್ಟೇಪ್ಲರ್ ವಿಧಾನ ಇಟಲಿಯ ಲಾಂಗೋ ಅವರಿಂದ 1990ರ ದಶಕದಲ್ಲಿ ಬಂದದ್ದು. ಮೊಳಕೆಯ ಮೇಲಿನ ಒಳಪೊರೆಯನ್ನು ಬಳೆಯಾಕಾರದಲ್ಲಿ ಕತ್ತರಿಸಿ ಪಿನ್ನು ಹಾಕಿ, ಜೋತುಬಿದ್ದದ್ದನ್ನು ಮೇಲಕ್ಕೆಳೆಯುತ್ತಾರೆ. ಮೊದಲ ವಾರಗಳಲ್ಲಿ ನೋವು ಕಡಿಮೆಯಾದರೂ ಎರಡು ವರ್ಷಗಳ ಲೆಕ್ಕದಲ್ಲಿ ಹಳೆಯ ಶಸ್ತ್ರಚಿಕಿತ್ಸೆಯೇ ಮೇಲೆಂದು 2016ರ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ ಕಂಡುಬಂತು. ನಾಲ್ಕನೆಯ ಹಂತಕ್ಕೂ, ಹೊರಗೂ ಒಳಗೂ ದೊಡ್ಡದಾಗಿ ಬೆಳೆದ ಮೊಳಕೆಗೂ ಕೊಯ್ದು ತೆಗೆಯುವುದೇ ಸರಿ. ಎರಡು ಮೂರು ವಾರ ನೋವಿರುತ್ತದೆ. ಮರಳುವ ಸಂಭವ ಎಲ್ಲಕ್ಕಿಂತ ಕಡಿಮೆ. ಬಸುರಿಯರು ಅವಸರಪಡಬೇಕಿಲ್ಲ, ಹೆರಿಗೆಯ ನಂತರ ಬಹುಪಾಲು ತಾನೇ ಇಳಿಯುತ್ತದೆ.

ಇವೆಲ್ಲಕ್ಕೂ ಮೊದಲು ಹೊಟ್ಟೆಯ ಕಡೆ ನೋಡಬೇಕು. ನಾರು ಹೆಚ್ಚಿಸಿದವರಲ್ಲಿ ರಕ್ತ ಹೋಗುವುದು ಸುಮಾರು ಅರ್ಧಕ್ಕಿಳಿಯುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತೆ, ಹಸಿ ಸೌತೆಕಾಯಿ ನಮ್ಮ ಊಟದಲ್ಲೇ ಇವೆ; ಸಾಲದಿದ್ದರೆ ರಾತ್ರಿ ಇಸಬಗೋಲು, ಜೊತೆಗೆ ಸಾಕಷ್ಟು ನೀರು. ಮೊಬೈಲ್ ಹಿಡಿದು ಪಾಯಖಾನೆಯಲ್ಲಿ ಅರ್ಧ ತಾಸು ಕೂರುವ ಹುಡುಗರಿಗೆ ಹಿರಿಯರು ಒಂದು ಮಾತು ಹೇಳಬೇಕು. ಹಮಾಲರೂ ಚೀಲ ಎತ್ತುವಾಗ ಉಸಿರು ಬಿಗಿಹಿಡಿಯದೆ ಬಿಡುತ್ತ ಎತ್ತಲಿ.

ಅವರಿಗೆ ಎರಡು ಸಲ ಉಂಗುರ ಬಿತ್ತು. ರಕ್ತ ನಿಂತಿದೆ, ಎಮ್ಮೆಗಳು ಕೊಟ್ಟಿಗೆಯಲ್ಲೇ ಇವೆ. ಕೊನೆಗೆ ಅವರು ಕೇಳಿದ್ದು, “ಖಾರ ಬಿಡಬೇಕೇನ್ರಿ?” ಎಂದು. ದಿನವೆಲ್ಲ ಮೆಣಸಿನಕಾಯಿ ಚೀಲದ ನಡುವೆ ಬದುಕುವವರು, ಪಾಪ! 2006ರಲ್ಲಿ ಇಟಲಿಯ ವೈದ್ಯರು ಮೂಲವ್ಯಾಧಿಯವರಿಗೆ ಖಾರದ ಪುಡಿ ಕೊಟ್ಟು ಪರೀಕ್ಷಿಸಿದಾಗ ತೊಂದರೆ ಹೆಚ್ಚಾಗಲಿಲ್ಲ. ನಮ್ಮ ಬ್ಯಾಡಗಿ ಕಾಯಿಯೋ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಗುದದಲ್ಲಿ ಸೀಳು ಇದ್ದರೆ ಅಥವಾ ಶಸ್ತ್ರಚಿಕಿತ್ಸೆಯ ಗಾಯ ಹಸಿಯಾಗಿದ್ದರೆ ಉರಿಯುತ್ತದೆ, ಆಗ ಕೆಲವು ವಾರ ಬಿಡಿ. ಉಳಿದಂತೆ ರೊಟ್ಟಿಯ ಜೊತೆ ಒಂದಿಷ್ಟು ಹಿಂಡಿ ಇರಲಿ ಎಂದೆ.