ಮೋಟರಿನ ವೇಗ ತಗ್ಗಿಸಿದರೆ ಕರೆಂಟು ಉಳಿಯುತ್ತದೆಯೇ?

ಪ್ರಶ್ನೆ: ನಮ್ಮ ಲಿಂಬೆ ತೋಟದ ಹನಿ ನೀರಾವರಿಗೆ ನಾಲ್ಕು ವಾಲ್ವ್‌ಗಳಿವೆ. ಒಂದನ್ನೇ ತೆರೆದರೆ ಪೈಪಿನ ಜೋಡಣೆ ಕಿತ್ತು ಬರುತ್ತದೆ. ವೇಗ ಬದಲಿಸುವ ವಿಎಫ್‌ಡಿ ಹಾಕಿಸಿದರೆ ಯಾವ ಕ್ರಮದಲ್ಲಿ ಓಡಿಸಬೇಕು? ಕರೆಂಟು ಎಷ್ಟು ಉಳಿದೀತು?
– ಓದುಗರೊಬ್ಬರು, ಇಂಡಿ

ಉತ್ತರ: ನಿಮಗೆ ಹೊಂದುವುದು ಸ್ಥಿರ ಒತ್ತಡದ ಕ್ರಮ. ಪಂಪು ಒಂದೇ ವೇಗದಲ್ಲಿ ಓಡುತ್ತಿದ್ದರೆ ವಾಲ್ವ್ ಮುಚ್ಚಿದಷ್ಟೂ ಒತ್ತಡ ಏರುತ್ತದೆ. ಸ್ಥಿರ ಒತ್ತಡದಲ್ಲಾದರೆ ಸೆನ್ಸರ್ ಅದನ್ನು ಗಮನಿಸುತ್ತದೆ, ವಿಎಫ್‌ಡಿ ಮೋಟರಿನ ವೇಗ ಇಳಿಸುತ್ತದೆ. ಸೆನ್ಸರನ್ನು ಫಿಲ್ಟರಿನ ನಂತರ ಕೂರಿಸಿ. ಫಿಲ್ಟರಿನಲ್ಲಿ ಕಸ ಕಟ್ಟತೊಡಗಿದರೂ ಮುಂದಿನ ಒತ್ತಡ ಕಾಯ್ದುಕೊಳ್ಳಲು ಅದರಿಂದ ಸಾಧ್ಯ.

ಇನ್ನು ಉಳಿತಾಯ. ವೇಗ ಶೇ 80ಕ್ಕೆ ಇಳಿದರೆ ಒತ್ತಡ ಶೇ 64ಕ್ಕೆ, ಬೇಕಾದ ಶಕ್ತಿ ಸುಮಾರು ಶೇ 51ಕ್ಕೆ ಇಳಿಯುತ್ತದೆ. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಬಿಸಿನೀರಿನ ಪಂಪುಗಳಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೊಂದುತ್ತದೆ. ನೀರು ಸುತ್ತಿ ಮರಳುವುದರಿಂದ ಪೈಪಿನ ಘರ್ಷಣೆಯನ್ನಷ್ಟೇ ಗೆಲ್ಲಬೇಕು. ಹರಿವು ತಗ್ಗಿದಂತೆ ಒತ್ತಡವನ್ನೂ ತಗ್ಗಿಸುವ ಕ್ರಮ ಅಲ್ಲಿ ರೂಢಿಯಲ್ಲಿದೆ.

ಬೋರ್‌ವೆಲ್ ಲೆಕ್ಕ ಬೇರೆ. ಆಳದಿಂದ ನೀರೆತ್ತಲೇಬೇಕು. ವೇಗ ತೀರಾ ಇಳಿದರೆ ಮೋಟರ್ ತಿರುಗುತ್ತದೆ, ನೀರು ಮೇಲೆ ಬರುವುದಿಲ್ಲ. ತಂಪು ಸಿಗದೆ ಮೋಟರೇ ಸುಡಬಹುದು. ಹಾಗಾಗಿ ಕನಿಷ್ಠ ವೇಗವನ್ನು ಮೊದಲೇ ನಿಗದಿಪಡಿಸಿ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕೃಷಿ ಹೊಂಡದಿಂದ ಎತ್ತುವವರಿಗೆ ಎತ್ತರ ಕಡಿಮೆ, ಉಳಿತಾಯ ಹೆಚ್ಚು.

ಸೋಲಾರ್ ಪಂಪಿದ್ದರೆ ಅದರ ವೇಗ ನಿರ್ಧರಿಸುವುದು ಬಿಸಿಲು; ಒತ್ತಡ ಸ್ಥಿರವಾಗಿ ನಿಲ್ಲದು. ಅದರಿಂದ ಹೊಂಡ ತುಂಬಿಸಿ, ಹನಿಗೆ ಬೇರೆ ಚಿಕ್ಕ ಪಂಪು ಇಡುವುದು ಒಳ್ಳೆಯದು.