ಕಣ್ಣಿಗೆ ನುಣುಪು, ಕೈಗೆ ಒರಟು

ಹೊಗೆಸೊಪ್ಪಿನ ಒಳ್ಳೆಯ ಪೈಪುಗಳಲ್ಲಿ ಹೆಚ್ಚಿನವು ಬ್ರಯರ್‌ನವು. ಇದು ಮೆಡಿಟರೇನಿಯನ್ ತೀರದ ಒಣಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದಲ್ಲಿ ದಶಕಗಳ ಕಾಲ ಬಲಿಯುವ ಗಂಟು. ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಆರಿಸಿದ ಮೇಲೆ ಅದು ಕೆಂಡವನ್ನೂ ತಾಳಿಕೊಳ್ಳುತ್ತದೆ. ಫ್ರಾನ್ಸಿನ ಜುರಾ ಬೆಟ್ಟಗಳ ಸೇಂಟ್ ಕ್ಲೋಡ್ ಪಟ್ಟಣ 19ನೇ ಶತಮಾನದಿಂದಲೂ ಈ ಕಸುಬಿಗೆ ಹೆಸರಾಗಿದೆ.

ಅಂಗಡಿಯಲ್ಲಿ ಮೊದಲು ಕಣ್ಣು ಸೆಳೆಯುವುದು ನುಣುಪು ಪೈಪು. ಬಟ್ಟಲಿನ ಸುತ್ತ ನೇರವಾಗಿ ಏರುವ ಎಳೆಗಳು, ಅಡ್ಡ ಕೊಯ್ದಲ್ಲಿ ಹಕ್ಕಿಯ ಕಣ್ಣಿನಂಥ ಚುಕ್ಕೆಗಳು ಅದರಲ್ಲಿ ಎದ್ದು ಕಾಣುತ್ತವೆ. ಆದರೆ ಬ್ರಯರ್‌ನೊಳಗೆ ಕುಳಿ, ಮರಳಕಣ ಇರುವುದೇ ಹೆಚ್ಚು. ಕಳಂಕವಿಲ್ಲದ ತುಂಡು ಅಪರೂಪವಾದ್ದರಿಂದ ಬೆಲೆಯೂ ಏರುತ್ತದೆ. ಅಗ್ಗದ ನುಣುಪು ಪೈಪಿನಲ್ಲಿ ಕುಳಿಗಳಿಗೆ ಮೆತ್ತಿದ ಲಪ್ಪವನ್ನು ಗಾಢ ಬಣ್ಣ ಮುಚ್ಚಿರುತ್ತದೆ. ಹೊಳಪಿಗೆ ಕಾರ್ನೌಬಾ ಮೇಣ ತಿಕ್ಕಿದ್ದರೆ ಒಳ್ಳೆಯದು. ದಪ್ಪ ವಾರ್ನಿಷ್ ಆಗಿದ್ದರೆ ಬಿಸಿಗೆ ಗುಳ್ಳೆ ಏಳಬಹುದು.

ಒರಟು ಮೈಯ ಕಥೆ ಬೇರೆ. ಮರಳನ್ನು ರಭಸದಿಂದ ಎರಚಿದಾಗ ಮೆದು ಭಾಗ ಸವೆದು, ಗಟ್ಟಿ ಎಳೆಗಳು ಏಣುಗಳಾಗಿ ಉಳಿಯುತ್ತವೆ. ಲಂಡನ್ನಿನ ಡನ್‌ಹಿಲ್ ಕಂಪನಿ ಇಂಥ 'ಶೆಲ್' ಪೈಪಿನಿಂದ 1917ರ ಸುಮಾರಿಗೆ ಹೆಸರು ಮಾಡಿತು. ಇಟಲಿಯಲ್ಲಿ 1947ರಲ್ಲಿ ಶುರುವಾದ ಕಾಸ್ಟೆಲ್ಲೊದ 'ಸೀ ರಾಕ್' ಪೈಪುಗಳಲ್ಲಿ ಉಳಿಯಿಂದ ಕೆತ್ತಿದ ಒರಟುತನವಿದೆ. ಕುಳಿ ಮರೆಸುವ ಉಪಾಯವೆಂದು ಇವನ್ನು ಹಳಿಯುವವರೂ ಉಂಟು. ಆ ಮಾತು ಅರ್ಧ ನಿಜ: ಮೇಲ್ಮೈಯ ಕುಳಿಯಿಂದ ಸೇದುವುದಕ್ಕೆ ಅಡ್ಡಿಯೇನೂ ಇಲ್ಲ. ಒರಟು ಪೈಪಿನಲ್ಲಿ ಬೆರಳು ಏಣುಗಳಿಗಷ್ಟೇ ತಗಲುವುದರಿಂದ ಬಿಸಿ ಕಡಿಮೆ ತಟ್ಟುತ್ತದೆ, ಹಿಡಿತ ಜಾರುವುದಿಲ್ಲ, ಮರ ಸವೆದಷ್ಟು ತೂಕವೂ ಇಳಿಯುತ್ತದೆ. (ಹೊಗೆಯ ಕೇಡು ಮಾತ್ರ ಎರಡರಲ್ಲೂ ಒಂದೇ.)

ತೂಕ ಸಣ್ಣ ಸಂಗತಿಯಲ್ಲ. ಕೈಯಲ್ಲೇ ಹಿಡಿದು ಸೇದುವವರಿಗೆ ದಪ್ಪಗೋಡೆಯ ಬಟ್ಟಲು ಹಿತ, ಬಿಸಿ ನಿಧಾನವಾಗಿ ಹೊರಬರುತ್ತದೆ. ಹಲ್ಲಿನಲ್ಲಿ ಕಚ್ಚಿಕೊಂಡು ಕೆಲಸ ಮಾಡುವವರಿಗೆ ಹಗುರವಾದದ್ದೇ ಬೇಕು. ಬಾಗಿದ ಪೈಪಿನ ಬಟ್ಟಲು ಗಲ್ಲದ ಹತ್ತಿರಕ್ಕೆ ಇಳಿಯುವುದರಿಂದ ದವಡೆಗೆ ಭಾರ ಕಡಿಮೆ.

ಕೊನೆಗೆ ಬಾಯಿಗಿಡುವ ತುದಿ. ರಬ್ಬರಿಗೆ ಗಂಧಕ ಬೆರೆಸಿದ ಎಬೊನೈಟ್ ಹಲ್ಲಿಗೆ ಮೃದು, ಆದರೆ ಬಿಸಿಲಿಗೆ ಹಸಿರುಗಂದು ಬಣ್ಣಕ್ಕೆ ತಿರುಗಿ ಕಹಿ ರುಚಿ ಬಿಡುತ್ತದೆ. ಅಕ್ರಿಲಿಕ್ ಹೊಳಪು ಕಳೆದುಕೊಳ್ಳುವುದಿಲ್ಲ, ಆದರೆ ಹಲ್ಲಿಗೆ ಗಡಸು. ಬೆಲೆ ಒಂದೇ ಇರುವ ಎರಡು ಪೈಪುಗಳಲ್ಲಿ ಲಪ್ಪ ಮೆತ್ತಿದ ನುಣುಪಿಗಿಂತ ಲಪ್ಪವಿಲ್ಲದ ಒರಟೇ ಮೇಲು.